ಹಲ್ಲು ಹುಳುಕಾಗದ ಮಿಠಾಯಿ

ಜಬಲ್‌ಪುರ
೪ ಜುಲೈ ೨೦೨೩

ಅಕ್ಕಾ,

ನಿನ್ನ ಲಕೋಟೆ ಬಂದಾಗ ಬಾಗಿಲು ತೆಗೆದವಳು ಅಪೂರ್ವ. ಈ ಕಾರ್ಖಾನೆ ಕಾಲೊನಿಗೆ ಅಂಚೆಯವನು ತರುವುದು ಬ್ಯಾಂಕಿನ ಕಾಗದ, ಆಧಾರ್ ಕಾರ್ಡು, ಇಷ್ಟೇ. “ಮಮ್ಮೀ, ಯಾರೋ ಪೆನ್ನಿಲೇ ಬರದಾರ!” ಎಂದು ಕೂಗುತ್ತ ಬಂದಳು. ಹದಿಮೂರು ವರ್ಷದ ಹುಡುಗಿ ತನ್ನ ದೊಡ್ಡವ್ವನ ಕೈಬರಹ ನೋಡಿದ್ದು ಅವತ್ತೇ ಮೊದಲು.

ಇನ್ನು ಮೇಲೆ ಫೋನು ಬೇಡ, ಪತ್ರ ಬರೆಯೋಣ ಅಂದಿದ್ದೀಯೆ. ಶಾಲೆಯಲ್ಲಿ ದಿನವಿಡೀ ಹಿಂದಿ ಪಾಠ ಹೇಳಿ ಗಂಟಲು ಸೋತಿರುತ್ತದೆ, ಮನೆಗೆ ಬಂದು ಮತ್ತೆ ಮಾತಾಡಲು ಬೇಸರ ಎಂದು ಕಾರಣವನ್ನೂ ಕೊಟ್ಟಿದ್ದೀಯೆ. ಆ ಕಾರಣ ನಾನು ನಂಬಲಿಲ್ಲ. ನಾನು ಕವಿತೆ ಓದುತ್ತ ಕೂತರೆ “ಈಕೀಗೆ ಅನ್ನಕ್ಕಿಂತ ಅಕ್ಷರ ಜಾಸ್ತಿ ಬೇಕ್ರಿ” ಎಂದು ಅವ್ವನಿಗೆ ದೂರು ಹೇಳುತ್ತಿದ್ದವಳು ನೀನು. ಐವತ್ತೆರಡಕ್ಕೆ ನೀನೂ ನನ್ನ ದಾರಿಗೆ ಬಂದೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆ, ಅಷ್ಟೇ. ಇರಲಿ. ಕೊನೆಯ ಸಲ ಫೋನಿನಲ್ಲಿ ನಿನ್ನ ಮಾತು ಅರ್ಧ ತಿಳಿಯಲೂ ಇಲ್ಲ. ಬಾಯಲ್ಲಿ ಏನೋ ಇಟ್ಟುಕೊಂಡೇ ಮಾತಾಡುತ್ತಿದ್ದೆ. ಹಳೆಯ ಚಾಳಿ.

ಪತ್ರಕ್ಕೆ ಒಂದು ಕೆಲಸವನ್ನೂ ಕೊಡುತ್ತೇನೆ. ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ನಾನೊಂದು ಲೇಖನ ಬರೆಯಬೇಕು. ಎಂ.ಎ. ಮಾಡಿದ ಕನ್ನಡ ಈ ಊರಿನಲ್ಲಿ ಉಪಯೋಗಕ್ಕೆ ಬರುವುದು ವರ್ಷಕ್ಕೊಮ್ಮೆ, ಅದೂ ಈ ಸಂಚಿಕೆಗೆ. ನಮ್ಮ ಬಾಲ್ಯದ ಮಿಠಾಯಿಗಳ ಬಗ್ಗೆ ಬರೆಯುತ್ತೇನೆ ಎಂದು ಹೇಳಿಬಿಟ್ಟಿದ್ದೇನೆ. ಹೈದರಾಬಾದಿನ ಜೀಡಿಮೆಟ್ಲಾದ ಆ ಎರಡು ಕೋಣೆಯ ಮನೆ, ಔಷಧದ ಫ್ಯಾಕ್ಟರಿಯಿಂದ ಸಂಜೆ ಬರುತ್ತಿದ್ದ ಅಪ್ಪನ ಅಂಗಿಯ ವಾಸನೆ, ಬಸ್ ಸ್ಟಾಪಿನ ಹತ್ತಿರ ಅಂಬುಬಾಯಿಯ ಡಬ್ಬಾ ಅಂಗಡಿ. ಆಗ ನನಗೆ ಐದು, ನಿನಗೆ ಹತ್ತು. ನನಗಿಂತ ನಿನಗೇ ಹೆಚ್ಚು ನೆನಪಿರಬೇಕು. ಅಂಬುಬಾಯಿಯ ಗಾಜಿನ ಬರಣಿಗಳಲ್ಲಿ ಏನೇನಿದ್ದವು, ಸಾಲಾಗಿ ಬರೆ.

ಇವರಿಗೆ ಈ ತಿಂಗಳು ರಾತ್ರಿ ಪಾಳಿ. ನಿನ್ನ ಲಹರಿಗೆ, ಅವಳಪ್ಪ ಮಾಮಾನಿಗೆ ನನ್ನ ನೆನಪು ಹೇಳು.

ನಿನ್ನ
ರಶ್ಮಿ


ಮೆಹದಿಪಟ್ಟಣಂ, ಹೈದರಾಬಾದ್
೨೧ ಜುಲೈ ೨೦೨೩

ರಶ್ಮೀ,

ನೀನು ಕೇಳಿದ ಬರಣಿಗಳು. ಮೊದಲನೆಯದರಲ್ಲಿ ಕಿತ್ತಳೆ ತೊಳೆಯ ಆಕಾರದ ಪೆಪ್ಪರಮೆಂಟು. ಎರಡನೆಯದರಲ್ಲಿ ಬಣ್ಣದ ಜೀರಿಗೆ ಪೆಪ್ಪರಮೆಂಟು, ಅದನ್ನು ನೀನು ಗೊಂಬೆಗೆ ಗುಳಿಗೆ ಎಂದು ತಿನ್ನಿಸುತ್ತಿದ್ದೆ. ಅದರ ಪಕ್ಕದಲ್ಲಿ ಕಸಬರಿಗೆ ಕಡ್ಡಿಗೆ ಮೆತ್ತಿದ ಹುಣಸೆಹಣ್ಣಿನ ಉಂಡೆ, ಮೇಲೆ ಉಪ್ಪುಖಾರ. ಅದನ್ನು ಚೀಪುತ್ತ ನೀನು ಒಂದು ಕಣ್ಣು ಮುಚ್ಚುತ್ತಿದ್ದೆ. ಭಾನುವಾರ ಸೈಕಲ್ಲಿನ ಮೇಲೆ ಬೊಂಬಾಯಿ ಮಿಠಾಯಿಯವನು ಬರುತ್ತಿದ್ದ. ಕೋಲಿನಿಂದ ಎಳೆದು ನಿನ್ನ ಮಣಿಕಟ್ಟಿಗೆ ಗಡಿಯಾರ ಕಟ್ಟುತ್ತಿದ್ದ. “ಟೈಮ್ ಎಷ್ಟ ಆತವ್ವಾ?” ಎಂದು ಅಪ್ಪ ಕೇಳಿದರೆ ನೀನು ಅಳುತ್ತಿದ್ದೆ, ಅಷ್ಟರಲ್ಲಿ ಗಡಿಯಾರ ತಿಂದು ಮುಗಿಸಿರುತ್ತಿದ್ದೆ. ಇಷ್ಟು ಸಾಕಲ್ಲ ಒಂದು ಲೇಖನಕ್ಕೆ?

ಇಲ್ಲಿ ವಿಶೇಷವೇನಿಲ್ಲ. ಬುದ್ಧಿಹಲ್ಲು ಕಾಡುತ್ತಿದೆ. ರೊಟ್ಟಿ ಮುರಿಯಲಾಗದೆ ಅಂಬಲಿ, ಗಂಜಿ ಕುಡಿಯುತ್ತಿದ್ದೇನೆ. ಅದೂ ತಣ್ಣಗಾದ ಮೇಲೆ. ನಿಮ್ಮ ಮಾಮಾ ಒತ್ತಾಯ ಮಾಡಿ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಚಿಕ್ಕ ಹುಡುಗಿ, ನಮ್ಮ ಲಹರಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. “ಅಮ್ಮಾ, ನೋರು ತೆರವಂಡಿ, ಇಂಕಾ, ಇಂಕಾ” ಎಂದಳು. ಬಾಯಿ ಇನ್ನೂ ಅಗಲಿಸಿ ಅಂತ. ನಾನು ತೆರೆದೇ ಇದ್ದೆ. ಬೆರಳು ಒಂದರ ಮೇಲೊಂದು ನಿಲ್ಲಿಸಿ ಒಳಗೆ ಎಷ್ಟು ಹೋಗುತ್ತವೆ ನೋಡಿ ಅಂದಳು. ಎಲ್ಲರಿಗೂ ಮೂರು ಹೋಗಬೇಕಂತೆ. ನನಗೆ ಒಂದು, ಎರಡನೆಯದಕ್ಕೆ ಉಗುರು ಮಾತ್ರ. ಎಡಗೆನ್ನೆಯ ಒಳಗಿಂದ ಸಾಸಿವೆಯಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದಾಳೆ. ಈಗ ಎಲ್ಲರಿಗೂ ಹಾಗೇ ಮಾಡುತ್ತಾರಂತೆ.

“ನಿಮ್ಮಕ್ಕಗ ಈಗ ಬೈಯಾಕ ಬಾಯಿ ಬರವಲ್ದು, ಮನಿ ತಂಪೈತಿ ಅಂತ ಬರಿ” ಎಂದು ನಿಮ್ಮ ಮಾಮಾ ಹೇಳಿ ನಕ್ಕರು. ನಗುತ್ತಲೇ ಎದ್ದು ಗ್ಯಾಲರಿಗೆ ಹೋಗಿ ನಿಂತರು. ಕಾಳಿನ ವ್ಯಾಪಾರದವರಿಗೆ ಈ ವರ್ಷ ತೊಗರಿ ದರದ ಚಿಂತೆ.

ಅಪೂರ್ವಳಿಗೆ ದೊಡ್ಡವ್ವನ ಅಕ್ಷರ ಹಿಡಿಸಿತೇ?

ಬಸಲಿಂಗಮ್ಮ


ಜಬಲ್‌ಪುರ
೫ ಆಗಸ್ಟ್ ೨೦೨೩

ಅಕ್ಕಾ,

ಬುದ್ಧಿಹಲ್ಲು ಐವತ್ತೆರಡಕ್ಕೆ ಬಂದರೂ ಬಂತಲ್ಲ, ಸಂತೋಷ. ಆ ಪರೀಕ್ಷೆ ಗಿರೀಕ್ಷೆ ಎಲ್ಲ ಖಾಸಗಿ ದವಾಖಾನೆಯವರ ಆಟ. ಹಲ್ಲು ಕೀಳಿಸಿ ಉಪ್ಪುನೀರು ಮುಕ್ಕಳಿಸು.

ಈಗ ಜಗಳಕ್ಕೆ ಬರುತ್ತೇನೆ. ಅಷ್ಟೆಲ್ಲ ಬರಣಿ ನೆನಪಿಟ್ಟವಳು ಮುಖ್ಯವಾದದ್ದನ್ನೇ ಮರೆತೆಯಲ್ಲ! ಮೀಠೀ ಸುಪಾರಿ ಎಲ್ಲಿ ಹೋಯಿತು? ಸಿಹಿ ಅಡಿಕೆ? ಅಂಬುಬಾಯಿಯ ಅಂಗಡಿಯ ಮುಂದೆ ತೋರಣದ ಹಾಗೆ ತೂಗುತ್ತಿದ್ದ ಗುಲಾಬಿ ಬಣ್ಣದ ಪೊಟ್ಟಣಗಳು? ಉಳಿದ ಮಿಠಾಯಿಗಳೆಲ್ಲ ಅವ್ವನ ಕಣ್ಣು ತಪ್ಪಿಸಿ ತಿಂದವು. ಅವ್ವ ತಾನಾಗಿ ತಿನ್ನಲು ಬಿಟ್ಟದ್ದು ಇದೊಂದನ್ನೇ. “ಪೆಪ್ಪರಮೆಂಟ ತಿಂದ್ರ ಹಲ್ಲಾಗ ಹುಳ ಬೀಳ್ತಾವ. ಅಡಿಕಿ ತಿನ್ರಿ, ಉಂಡದ್ದು ಅರಗತೈತಿ.” ನಮ್ಮ ಮನೆಯಲ್ಲಿ ಅದು ಮಿಠಾಯಿಯೇ ಆಗಿರಲಿಲ್ಲ, ಅಡಿಕೆಯಾಗಿತ್ತು. ಬಂದವರಿಗೆ ಎಲೆಯಡಿಕೆ ಕೊಡುವ ಮನೆಯಲ್ಲಿ ಮಕ್ಕಳಿಗೆ ಅಡಿಕೆ ಬೇಡ ಎನ್ನುವುದು ಹೇಗೆ? ಲೇಖನದ ತಲೆಬರಹ ಅಲ್ಲಿಂದಲೇ ಸಿಕ್ಕಿತು: ‘ಹಲ್ಲು ಹುಳುಕಾಗದ ಮಿಠಾಯಿ’.

ಬರೆದದ್ದರಲ್ಲಿ ಸ್ವಲ್ಪ ಕೇಳು.

“ಸಂಜೆ ಗಾಳಿ ತಿರುಗಿದರೆ ಫ್ಯಾಕ್ಟರಿಗಳ ಹೊಗೆ ನಮ್ಮ ಓಣಿಗೆ ಇಳಿಯುತ್ತಿತ್ತು. ಕೊಳೆತ ಮೊಟ್ಟೆಗೆ ಸ್ಪಿರಿಟ್ಟು ಸುರಿದ ಹಾಗೆ ವಾಸನೆ. ಆಗ ಅಕ್ಕ ಸಿಹಿ ಅಡಿಕೆಯ ಪೊಟ್ಟಣದ ಮೂಲೆ ಹರಿದು ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಪನ್ನೀರು, ಏಲಕ್ಕಿ, ಇನ್ನೂ ಏನೋ. ಜಗತ್ತು ಹೇಗೆಯೇ ನಾರಲಿ, ಅದರ ಒಂದು ಮೂಲೆ ಹರಿದರೆ ಗುಲಾಬಿ ಇದೆ ಎಂದು ನಾನು ನಂಬಿದ್ದು ಅಲ್ಲಿ. ಅಕ್ಕ ಒಂದು ಚೂರನ್ನು ನನ್ನ ಎಡಗೆನ್ನೆಗೆ ಒತ್ತಿ ‘ಕಡೀಬ್ಯಾಡ, ಇಟ್ಕೊ, ತಾನ ಕರಗತೈತಿ’ ಅನ್ನುತ್ತಿದ್ದಳು.”

ಓದಿ ಇವರು “ಅಕ್ಕಾರಿಗೆ ಕಣ್ಣಾಗ ನೀರ ಬರ್ತಾವ ನೋಡು” ಅಂದರು. ಬಂದವೇ? ಆ ಪೊಟ್ಟಣದ ಮೇಲೆ ಇದ್ದದ್ದು ನವಿಲೋ ಗಿಳಿಯೋ, ಅದೊಂದು ನೆನಪು ಮಾಡಿ ಹೇಳು. ಬೇಗ ಬರೆ.

ರಶ್ಮಿ


ಮೆಹದಿಪಟ್ಟಣಂ
೨ ಸೆಪ್ಟೆಂಬರ್ ೨೦೨೩

ರಶ್ಮೀ,

ತಡವಾಯಿತು. ಶಾಲೆ ಬಿಟ್ಟೆ. ಈಗಿನ ಹುಡುಗರು ಮಾಸ್ತರರ ಮಾತನ್ನು ಅಣಕಿಸಿ ವೀಡಿಯೊ ಮಾಡುತ್ತಾರೆ. ನನಗೆ ಅದು ಸಾಕಾಯಿತು.

ನವಿಲೋ ಗಿಳಿಯೋ ನೆನಪಿಲ್ಲ. ಲೇಖನದಲ್ಲಿ ಆ ಅಡಿಕೆಯ ಭಾಗ ಬೇಡ. ಬೊಂಬಾಯಿ ಮಿಠಾಯಿಯ ಗಡಿಯಾರ ಚೆನ್ನಾಗಿದೆ, ಅದನ್ನೇ ಬೆಳೆಸಿ ಬರೆ. ನನ್ನ ಮಾತು ಕೇಳು.

ಲಹರಿ ಗಚ್ಚಿಬೌಲಿಯ ಆಫೀಸಿಗೆ ತಿಂಗಳು ರಜೆ ಹಾಕಿದ್ದಾಳೆ. ಕಾರಣವೇನಿಲ್ಲ, ದಣಿದಿದ್ದಾಳೆ.

ಬಸಲಿಂಗಮ್ಮ


ಜಬಲ್‌ಪುರ
೧೧ ಸೆಪ್ಟೆಂಬರ್ ೨೦೨೩

ಅಕ್ಕಾ,

ನಾಲ್ಕು ಸಾಲು ಬರೆಯಲು ಒಂದು ತಿಂಗಳು ಹಿಡಿಯಿತೇ? ಅದರಲ್ಲಿ ಒಂದು ಸಾಲು ‘ಬೇಡ’.

ನಾನು ಬಹಳ ಯೋಚಿಸಿದೆ. ನಿನ್ನ ಮನಸ್ಸು ನನಗೆ ತಿಳಿಯುತ್ತದೆ ಅಂದುಕೊಂಡಿದ್ದೇನೆ. ನಿನಗೆ ಅಜ್ಜಿಯ ಹೆಸರಿಟ್ಟರು, ನನಗೆ ಹೊಸ ಕಾಲದ ಹೆಸರು. ನೀನು ಅವ್ವನ ಜೊತೆ ಮುಸುರೆ ತಿಕ್ಕಿದೆ, ನಾನು ಓದಿದೆ. ಆ ದಿನಗಳು ನನ್ನ ಪಾಲಿಗೆ ಗುಲಾಬಿಯಾಗಿ ಉಳಿದವು, ನಿನ್ನ ಪಾಲಿಗೆ ಹೊಗೆಯಾಗಿಯೇ ಉಳಿದಿರಬಹುದು. ಅದನ್ನು ನೇರವಾಗಿ ಹೇಳಬಾರದೇ? ‘ಲೇಖನದಲ್ಲಿ ಬೇಡ’ ಎಂದು ಸಂಪಾದಕರ ಹಾಗೆ ಬರೆಯಬೇಕೇ?

ತಪ್ಪು ತಿಳಿಯಬೇಡ, ಲೇಖನ ಕೊಟ್ಟುಬಿಟ್ಟೆ. ಇದ್ದ ಹಾಗೆಯೇ.

ಇದರ ಜೊತೆಗೆ ಒಂದು ಪಾರ್ಸೆಲ್ಲು ಬರುತ್ತದೆ. ನಮ್ಮ ಕಾಲೊನಿಯ ಗೇಟಿನ ಪಾನ್ ಅಂಗಡಿಯಲ್ಲಿ ಅದೇ ಗುಲಾಬಿ ಪೊಟ್ಟಣಗಳು ಸರ ಸರವಾಗಿ ತೂಗುತ್ತಿದ್ದವು! ಕಂಪನಿ ಬೇರೆ, ವಾಸನೆ ಅದೇ. ಇಡೀ ಸರ ಬಿಚ್ಚಿಸಿಕೊಂಡು ಬಂದೆ. ಒಂದನ್ನು ಹರಿದು ಮೂಸಿ ನೋಡು, ನನ್ನ ಮೇಲಿನ ಸಿಟ್ಟು ಹೋಗುತ್ತದೆ.

ಅಪೂರ್ವಳಿಗಂತೂ ಹುಚ್ಚು ಹಿಡಿದಿದೆ. ದಿನವೂ ಎರಡು ಪೊಟ್ಟಣ ಶಾಲೆಗೆ ಒಯ್ಯುತ್ತಾಳೆ. ಗೆಳತಿಯರು “ಸುಪಾರಿ ಕ್ವೀನ್” ಎಂದು ಹೆಸರಿಟ್ಟಿದ್ದಾರಂತೆ. ಇವರು “ಏನದು ಹಗಲೆಲ್ಲಾ ಎಮ್ಮಿ ಮೆಲಕ ಹಾಕಿದಂಗ” ಎಂದು ಗದರಿದರು. ನಾನೇ ತಡೆದೆ. ಚಾಕಲೇಟಿಗಿಂತ ಮೇಲು, ಹಲ್ಲು ಹುಳುಕಾಗುವುದಿಲ್ಲ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಮಾತು ನನ್ನದಲ್ಲ, ಅವ್ವನದು. ಹೀಗೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬರುವುದೇ ಮನೆತನ ಇರಬೇಕು.

ರಶ್ಮಿ


ಮೆಹದಿಪಟ್ಟಣಂ
೧೬ ಸೆಪ್ಟೆಂಬರ್ ೨೦೨೩
(ಸ್ಪೀಡ್ ಪೋಸ್ಟ್)

ರಶ್ಮೀ,

ಈ ಪತ್ರ ಕೈಗೆ ಬಂದ ತಕ್ಷಣ ಅಪೂರ್ವಳ ಚೀಲ ನೋಡು, ಇದ್ದ ಪೊಟ್ಟಣ ಎಲ್ಲ ತೆಗೆದು ಒಗೆ. ನಂತರ ಮುಂದಿನದನ್ನು ಓದು.

ನನಗೆ ಆಗಿರುವುದು ಬುದ್ಧಿಹಲ್ಲಲ್ಲ. ಕ್ಯಾನ್ಸರ್. ಎಡಗೆನ್ನೆಯಲ್ಲಿ, ದವಡೆಯವರೆಗೆ ಹೋಗಿದೆ. ಪರೀಕ್ಷೆಯ ಫಲ ಬಂದದ್ದು ಜುಲೈನಲ್ಲಿಯೇ. ಅದಕ್ಕೂ ಮೊದಲಿನಿಂದ ಕೆನ್ನೆಯ ಒಳಗೆ ನಾರು ಬಿಗಿದು ಬಾಯಿ ಮುಚ್ಚುತ್ತ ಬಂದಿತ್ತು. ನಾಲಿಗೆ ಹೊರಳುವುದಿಲ್ಲ. ನಿನಗೆ ಫೋನು ಬೇಡ ಅಂದದ್ದು ಅದಕ್ಕೆ. ನನ್ನ ದನಿ ಕೇಳಿದರೆ ನಿನಗೆ ಒಂದು ಗಳಿಗೆಯಲ್ಲಿ ತಿಳಿಯುತ್ತಿತ್ತು. ಪತ್ರ ಬರೆಯೋಣ ಅಂದರೆ ನೀನು ಹಿಗ್ಗಿದೆ. ಹಿಗ್ಗಲಿ ಎಂದು ಸುಮ್ಮನಾದೆ.

ಡಾಕ್ಟರು ಮೊದಲ ದಿನ ಕೇಳಿದಳು: ಗುಟಕಾ? ಇಲ್ಲ. ಜರ್ದಾ? ಇಲ್ಲ. ತಂಬಾಕು, ಮಿಶ್ರಿ, ಬೀಡಾ? ಇಲ್ಲ, ಇಲ್ಲ. ನಮ್ಮ ಮನೆಯಲ್ಲಿ ಅಂಥ ಚಟ ಯಾರಿಗೂ ಇಲ್ಲ ಎಂದು ಸೊಕ್ಕಿನಿಂದಲೇ ಹೇಳಿದೆ. ಲಹರಿ ಪಕ್ಕದಲ್ಲಿದ್ದಳು. “ಅವ್ವಾ, ಸುಪಾರಿ ಹೇಳು” ಅಂದಳು. “ಅದೇನ್ ಚಟಾ ಏನವಾ? ಅದು ಸಿಹಿ ಅಡಿಕಿ” ಅಂದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು. ಎಷ್ಟು ವರ್ಷದಿಂದ ಎಂದಳು. ನನಗೆ ಲೆಕ್ಕ ಸಿಗಲಿಲ್ಲ. ನಿನ್ನ ಬಾಯಿಗೆ ಹಾಕುತ್ತಿದ್ದಾಗಿನಿಂದ ಅದು ನನ್ನ ಕೆನ್ನೆಯಲ್ಲಿಯೇ ಇತ್ತು. ನೀನು ಹಾಸ್ಟೆಲಿಗೆ ಹೋದಮೇಲೆ ಬಿಟ್ಟೆ, ನಾನು ಬಿಡಲಿಲ್ಲ. ನಾನು ಬಿ.ಎಡ್. ಓದುವಾಗ ನಿದ್ದೆ ಬರದಿರಲಿ ಎಂದು, ಶ್ರಾವಣ ಸೋಮವಾರ ಉಪವಾಸಕ್ಕೆ ಅಡಿಕೆ ನಡೆಯುತ್ತದೆ ಎಂದು, ಶಾಲೆಯಲ್ಲಿ ಪಿರಿಯಡ್ಡು ಪಿರಿಯಡ್ಡಿಗೆ ಬಾಯಿ ಒಣಗುತ್ತದೆ ಎಂದು. ಬಸ್ಸಿನಲ್ಲಿ, ಅಡುಗೆ ಮಾಡುತ್ತ, ಮಲಗುವಾಗ ಸಹ. ತಂಬಾಕು ಬೇಕಾಗಿಲ್ಲವಂತೆ ರಶ್ಮಿ. ಅಡಿಕೆ ಒಂದೇ ಸಾಕಂತೆ.

ನಿನ್ನ ಪಾರ್ಸೆಲ್ಲು ನಿನ್ನೆ ಬಂತು. ಲಹರಿ ಬಿಚ್ಚಿದಳು. ಸರ ಕೈಗೆ ಬಂದಾಗ ಪೊಟ್ಟಣದ ಮೇಲಿನ ಹೆಸರು ಓದಿದಳು. ಆಮೇಲೆ “ಚಿಗವ್ವಗ ತಲಿ ಕೆಟ್ಟೈತೇನ್ರಿ ಅಪ್ಪಾ? ಇದನ್ನ ಕಳಸ್ಯಾಳ್ರಿ!” ಎಂದು ಚೀರಿದಳು. ನಿಮ್ಮ ಮಾಮಾ ಅವಳ ಕೈಯಿಂದ ತೆಗೆದುಕೊಂಡು “ಆಕೀಗೇನ್ ಗೊತ್ತವಾ. ನಾವ ಹೇಳಿಲ್ಲ” ಅಂದರು. ನಿನ್ನ ಪತ್ರ ನಾನು ಓದಿದ್ದು ಅದಾದ ಮೇಲೆ. ಅಪೂರ್ವ ಎಂಬ ಹೆಸರಿನ ಹತ್ತಿರ ಬಂದಾಗ ಲಹರಿಯಿಂದ ಪೆನ್ನು ಕೇಳಿ ಈ ಪತ್ರಕ್ಕೆ ಕೂತೆ.

ನಿನಗೆ ಹೇಳಬಾರದು ಎಂದಿದ್ದೆ. ನಿನಗೆ ಆ ವಾಸನೆ ಗುಲಾಬಿಯಾಗಿಯೇ ಉಳಿಯಲಿ, ನಾನು ಹೋದಮೇಲೂ ಉಳಿಯಲಿ ಎಂದಿದ್ದೆ. ಈಗ ಆಗುವುದಿಲ್ಲ.

ಅವಳನ್ನು ಹಲ್ಲಿನ ಡಾಕ್ಟರಿಗೆ ತೋರಿಸು. ಕೆನ್ನೆಯ ಒಳಗೆ ನೋಡಿ ಎಂದು ಬಾಯಿಬಿಟ್ಟು ಹೇಳು. ಲೇಖನ ವಾಪಸು ತೆಗೆದುಕೊ.

ಮುಂದಿನ ತಿಂಗಳು ಕೊನೆಗೆ ಆಪರೇಷನ್. ನೀನು ಬರಬೇಡ.

ಬಸಲಿಂಗಮ್ಮ


ಜಬಲ್‌ಪುರ
೧೪ ನವೆಂಬರ್ ೨೦೨೩

ಅಕ್ಕಾ,

ಹೈದರಾಬಾದಿನಿಂದ ಬಂದು ಹತ್ತು ದಿನವಾಯಿತು. ಬರಬೇಡ ಎಂದರೂ ಬಂದೆ, ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ಎಚ್ಚರವಾದಾಗಲೆಲ್ಲ ಸೆರಗು ಮೂಗಿನವರೆಗೆ ಎಳೆದುಕೊಂಡೆ. ಮೂಗಿನ ನಳಿಗೆ ಮಾತ್ರ ಹೊರಗೆ. ನಾನು ಮಂಚದ ಪಕ್ಕ ಕೂತು ನಿನ್ನ ಕಾಲು ಒತ್ತಿದೆ. ನಿನ್ನ ಮುಖ ನೋಡದೆಯೇ ರೈಲು ಹತ್ತಿದೆ. ಅದಕ್ಕೆ ನಾನು ದೂರುವುದಿಲ್ಲ.

ಲೇಖನ ವಾಪಸು ತೆಗೆದುಕೊಳ್ಳಲಿಲ್ಲ. ನಿನ್ನ ಪತ್ರ ಬಂದಮೇಲೆ ನನಗೆ ಲೇಖನ ಎಂಬುದೊಂದು ಇದೆ ಎನ್ನುವುದೇ ಮರೆತುಹೋಯಿತು. ನಾನು ನಿನ್ನ ಆಸ್ಪತ್ರೆಯಲ್ಲಿದ್ದ ವಾರ ಇಲ್ಲಿ ಸಂಚಿಕೆ ಬಿಡುಗಡೆಯಾಯಿತು. ಸಂಘದ ಅಧ್ಯಕ್ಷರಾದ ಹನುಮಂತರಾಯರು ವೇದಿಕೆಯ ಮೇಲೆ ನನ್ನ ಲೇಖನವನ್ನು ಪೂರ್ತಿ ಓದಿದರಂತೆ. ಓದಿ, “ನಮ್ಮ ರಶ್ಮಿಯವರ ಅಕ್ಕನ ಪ್ರೀತಿಯ ಗುರುತಿಗೆ” ಎಂದು ಬಂದವರಿಗೆಲ್ಲ ಒಂದೊಂದು ಗುಲಾಬಿ ಪೊಟ್ಟಣ ಹಂಚಿಸಿದರಂತೆ. ಮಕ್ಕಳಿಗೆ ಎರಡೆರಡು. ಒಳ್ಳೆಯ ಮನುಷ್ಯ. ನಿನ್ನೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರ ಹೆಂಡತಿ ವನಜಾ ತಟ್ಟೆಯಲ್ಲಿ ತಂದ ಎಲೆಯಡಿಕೆಯನ್ನು ಹಾಗೇ ಒಳಗೆ ಒಯ್ದರು. ಈಗ ಮನೆಮನೆಗೆ ಫೋನು ಮಾಡುತ್ತಿದ್ದೇವೆ. “ಒಂದ್ ಪೊಟ್ಟಣಕ್ಕೆ ಏನ್ರೀ ಆಗುತ್ತೆ” ಎಂದು ಕೆಲವರು ನಗುತ್ತಾರೆ.

ಆ ಸಭೆಯಲ್ಲಿ ಅಪೂರ್ವಳೂ ಇದ್ದಳು.

ಅವಳ ಬಾಯಿ ನೋಡಿಸಿದೆ. ಎರಡೂ ಕೆನ್ನೆಯ ಒಳಗೆ ಬಿಳಿಚಿದೆ ಎಂದರು ಡಾಕ್ಟರು. ಈಗ ಪೂರ್ತಿ ಬಿಟ್ಟರೆ ಇಲ್ಲಿಗೇ ನಿಲ್ಲಬಹುದು, ಬಿಡದಿದ್ದರೆ ನಾನು ಏನೂ ಹೇಳಲಾರೆ ಎಂದರು. ಅವಳು ಬಿಡುತ್ತಿಲ್ಲ ಅಕ್ಕಾ. ನಾನು ಪಾರ್ಸೆಲ್ಲು ಕಳಿಸಿದ ಹೊತ್ತಿಗೆ ಅವಳಿಗೆ ಅದು ಹೊಸದೇನೂ ಆಗಿರಲಿಲ್ಲವಂತೆ. ಶಾಲೆಯ ಗೇಟಿನಲ್ಲಿ ಒಂದು ವರ್ಷದಿಂದ ತಿನ್ನುತ್ತಿದ್ದಾಳೆ. ನಾನು ಮನೆಯೊಳಗೆ ದಾರಿ ಮಾಡಿಕೊಟ್ಟೆ, ಅಷ್ಟೇ. ಈಗ ಕಾಲುಚೀಲದಲ್ಲಿ ಇಡುತ್ತಾಳೆ, ದಿಂಬಿನ ಗವಸಿನಲ್ಲಿ ಇಡುತ್ತಾಳೆ. ಇವರು ಮೊನ್ನೆ ಕೈ ಎತ್ತಿದರು. ಹೊಡೆತ ತಿಂದು ನಿಂತು ಹೇಳಿದಳು: “ನೀವೆಲ್ಲಾ ತಿಂದೀರಿ. ಮಮ್ಮಿ ತಿಂದಾಳ, ಏನಾಗೇತಿ ಮಮ್ಮಿಗೆ? ಎಷ್ಟ್ ಚಂದ ಬರದಾಳ ಅದರ ಮ್ಯಾಲ. ಎಲ್ಲಾರೂ ಚಪ್ಪಾಳೆ ಹೊಡದ್ರು.” ದೊಡ್ಡವ್ವನಿಗೆ ಆದದ್ದು ಹೇಳಿದೆ. “ದೊಡ್ಡವ್ವ ಮುದುಕಿ” ಅಂದಳು. ಅವಳಿಗೆ ಕ್ಯಾನ್ಸರ್ ಎಂಬುದು ಸಿನಿಮಾದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುವುದು, ಅಷ್ಟೇ. ಇಂಟರ್ನೆಟ್ಟಿನಲ್ಲಿ ಚಿತ್ರ ತೋರಿಸಿದೆ. ಯಾರೋ ಯಾರೋ ಎಂದು ಮುಖ ತಿರುಗಿಸಿದಳು.

ಕೇಳಬಾರದ್ದನ್ನು ಕೇಳುತ್ತಿದ್ದೇನೆ. ನಿನ್ನ ಫೋಟೋ ಯಾರೂ ತೆಗೆಯಕೂಡದು ಎಂದು ಲಹರಿಗೆ ಆಣೆ ಹಾಕಿಸಿದ್ದೀಯೆ. ಒಂದೇ ಒಂದು. ನಾನು ನೋಡುವುದಿಲ್ಲ ಬೇಕಾದರೆ. ಅವಳಿಗೆ ಮಾತ್ರ ತೋರಿಸಿ ಅಳಿಸಿಬಿಡುತ್ತೇನೆ.

ಬೇಡ ಅಂದರೆ ಬೇಡ. ಈ ಪತ್ರವನ್ನೇ ನಾನು ಬರೆದಿಲ್ಲ ಅಂದುಕೊ.

ರಶ್ಮಿ


ಮೆಹದಿಪಟ್ಟಣಂ
೧೦ ಡಿಸೆಂಬರ್ ೨೦೨೩

ರಶ್ಮೀ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಓದಿ ಸಿಟ್ಟು ಬಂತು. ಹರಿದು ಹಾಕುವುದರಲ್ಲಿದ್ದೆ.

ಇಲ್ಲಿಯ ಸಂಗತಿ ಮೊದಲು ಹೇಳುತ್ತೇನೆ, ಮುಚ್ಚಿಡುವ ಕಾಲ ಮುಗಿಯಿತು. ಎಡಗಡೆ ದವಡೆ ಇಲ್ಲ. ಎದೆಯ ಚರ್ಮ ತಂದು ಕೆನ್ನೆಗೆ ಹೊಲಿದಿದ್ದಾರೆ. ತುಟಿಯ ಒಂದು ಮೂಲೆ ಕೂಡುವುದಿಲ್ಲ, ಜೊಲ್ಲು ಸುರಿಯುತ್ತಲೇ ಇರುತ್ತದೆ. ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದಿದೆ. ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ಈಗ ಉಪಯೋಗವಿಲ್ಲ ಎಂದು ಆಪರೇಷನ್ ಮಾಡಿದ ಡಾಕ್ಟರು ನಿಮ್ಮ ಮಾಮಾನಿಗೆ ಬಾಗಿಲ ಹೊರಗೆ ನಿಂತು ತೆಲುಗಿನಲ್ಲಿ ಪಿಸುಗುಟ್ಟಿದರು. ಹುಟ್ಟಿದಾಗಿನಿಂದ ಹೈದರಾಬಾದಿನಲ್ಲಿರುವವಳಿಗೆ ತೆಲುಗು ಬರುವುದಿಲ್ಲ ಎಂದು ತಿಳಿದರೋ ಏನೋ. ನಿಮ್ಮ ಮಾಮಾ ಒಳಗೆ ಬಂದು “ಏನಿಲ್ಲಂತ. ಗುಣಾ ಆಗತೈತಂತ” ಎಂದರು. ನಾನು ತಲೆಯಾಡಿಸಿದೆ. ಅವರು ನಳಿಗೆಯಲ್ಲಿ ಗಂಜಿ ಸುರಿಯುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ನನಗಾಗಿ ನೋಡುತ್ತಾರೆ, ಗೊತ್ತು. ಆದರೂ ನಾನು ಸೆರಗು ಬಿಡುವುದಿಲ್ಲ.

ಮೊನ್ನೆ ದವಾಖಾನೆಗೆ ಹೋಗುವಾಗ ಲಿಫ್ಟಿನಲ್ಲಿ ಸೆರಗು ಜಾರಿತು. ಕೆಳಗಿನ ಮನೆಯ ಹುಡುಗಿ ಇದ್ದಳು, ಆರೇಳು ವರ್ಷದವಳು. ಚೀರಿ ತಾಯಿಯ ಹೊಟ್ಟೆಯಲ್ಲಿ ಮುಖ ಹುದುಗಿಸಿದಳು. ತಾಯಿ “ಸಾರಿ ಆಂಟೀ, ಸಾರಿ” ಎಂದು ಮೂರು ಮಹಡಿಯೂ ಹೇಳುತ್ತಲೇ ಇದ್ದಳು. ಮನೆಗೆ ಬಂದು ಇಡೀ ದಿನ ಯಾರಿಗೂ ಏನೂ ಬರೆದು ತೋರಿಸಲಿಲ್ಲ. ಸತ್ತ ಮೇಲೂ ಮುಖ ಮುಚ್ಚಿಯೇ ಒಯ್ಯಬೇಕು ಎಂದು ಲಹರಿಗೆ ಬರೆದು ಕೊಡಬೇಕು ಅಂದುಕೊಂಡೆ. ಅಷ್ಟರಲ್ಲಿ ನಿನ್ನ ಪತ್ರ ಮತ್ತೆ ಕೈಗೆ ತೆಗೆದುಕೊಂಡೆ. ಆ ಮಗುವಿನ ಮುಖ ಕಣ್ಣಿಗೆ ಕಟ್ಟಿತ್ತು. ಅವಳು ಇನ್ನು ಆಯುಷ್ಯದಲ್ಲಿ ಮರೆಯುವುದಿಲ್ಲ.

ಫೋಟೋ ಬೇಡ ರಶ್ಮಿ. ಫೋಟೋ ಎಂದರೆ ಬೆರಳಿನಿಂದ ಸರಿಸಿ ಮುಂದೆ ಹೋಗುತ್ತಾರೆ. ಅವಳನ್ನೇ ಕರೆದುಕೊಂಡು ಬಾ. ಕ್ರಿಸ್‌ಮಸ್ ರಜೆಯ ತನಕ ಕಾಯಬೇಡ, ಶಾಲೆ ತಪ್ಪಿದರೆ ತಪ್ಪಲಿ. ನನಗೆ ಎಷ್ಟು ದಿನ ಎಂದು ಯಾರೂ ಹೇಳುತ್ತಿಲ್ಲ. ಹೇಳುತ್ತಿಲ್ಲ ಎನ್ನುವುದೇ ಉತ್ತರ.

ಬೆಳಿಗ್ಗೆ ನರ್ಸು ಬಂದು ಪಟ್ಟಿ ಬಿಚ್ಚಿ ತೊಳೆಯುತ್ತಾಳೆ. ಬಿಸಿಲು ನೇರ ಮಂಚಕ್ಕೆ ಬೀಳುವ ಹೊತ್ತು. ಆಗ ಅವಳನ್ನು ಒಳಗೆ ಕಳಿಸು. ದಾರಿಯಲ್ಲಿ ಏನೂ ಹೇಳಿ ತಯಾರು ಮಾಡಬೇಡ, ದೊಡ್ಡವ್ವನಿಗೆ ನೋವಾಗದ ಹಾಗೆ ನಡೆದುಕೊ ಎಂದು ಬುದ್ಧಿ ಹೇಳಬೇಡ. ಮುದುಕಿ ಅಂದಳಲ್ಲ, ಅದಕ್ಕೂ ಬೈಯಬೇಡ. ನಾನು ಅವಳ ಕೈ ತೆಗೆದುಕೊಂಡು ಇಲ್ಲಿ ಮುಟ್ಟಿಸುತ್ತೇನೆ. ನಾರುವುದನ್ನು ಮೂಸಲಿ. ನನಗೆ ಬೇರೆ ಮಾತು ಬರುವುದಿಲ್ಲ.

ಲಹರಿ ಕೇಳಿ ಅತ್ತಳು. “ಬ್ಯಾಡವಾ, ನೀ ತಡ್ಕೊಳ್ಳಂಗಿಲ್ಲ, ಆಕಿ ಓಡಿಹೋದ್ರ?” ಎಂದಳು. ಓಡಿಹೋಗಲಿ. ಎಷ್ಟು ದೂರ ಓಡಿದರೂ ನೋಡಿದ್ದು ನೋಡಿದ್ದೇ.

ನೀನೂ ಒಳಗೆ ಬಾ. ಬಾಗಿಲ ಹತ್ತಿರ ನಿಲ್ಲು. ಅವಳು ಕಣ್ಣು ಮುಚ್ಚಿಕೊಂಡರೆ ಗದರಬೇಡ. ಅವಳು ಕಣ್ಣು ತೆರೆದು ನೋಡುವ ತನಕ ನಾನು ಸೆರಗು ಹಾಕಿಕೊಳ್ಳುವುದಿಲ್ಲ.

ಬಸಲಿಂಗಮ್ಮ